ಅಕ್ಷರಕ್ಕೆ ಮೂರು ರೂಪಾಯಿ

ಭಾನುವಾರದ ಬಜಾರಿನಲ್ಲಿ, ಕೆಟ್ಟ ಮಿಕ್ಸಿಗಳ ನಡುವೆ,
ನೂರಿಪ್ಪತ್ತಕ್ಕೆ ಕೊಂಡೆ ಅರವತ್ತೇಳು ರಾಜರನ್ನು.
ತಲೆಗೆ ಎರಡು ರೂಪಾಯಿಯೂ ಬೀಳಲಿಲ್ಲ.
ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತ
ಯಾವ ಸ್ಕೂಲಿನ ಗ್ರೂಪ್ ಫೋಟೋ ಅಂದ.
ಫ್ರಾನ್ಸಿನ ದೊರೆಗಳಪ್ಪ ಅಂದೆ.
ಅಷ್ಟೂ ಜನಾನಾ, ಎಂದು ಚಿಲ್ಲರೆ ಎಣಿಸಿದ.

ಸೋಮವಾರವೂ ಸುರುಳಿ ಚೀಲದಲ್ಲೇ ಇತ್ತು,
ನಾದಿನಿಯ ಗೃಹಪ್ರವೇಶಕ್ಕೆಂದು ಸ್ಟೀಲಿನ ಕೊಡ ಕೊಂಡು
ನಗರ್ತಪೇಟೆಯಲ್ಲಿ ಹೆಸರು ಹಾಕಿಸಲು ನಿಂತಾಗ.

ಮೋನಪ್ಪಾಚಾರ್ ಕೂರುವುದು ಎರಡು ಅಂಗಡಿಗಳ ನಡುವೆ,
ಯಾರದೋ ಮೆಟ್ಟಿಲ ಕೆಳಗೆ.
ಅಕ್ಷರಕ್ಕೆ ಮೂರು ರೂಪಾಯಿ, ಒತ್ತಕ್ಷರ ಪುಕ್ಕಟೆ.
'ಪ್ರೀತಿಯ ಕಾಣಿಕೆ' ಎಂಬಲ್ಲಿಗೆ ಬಂದಿತ್ತು ಮಿಷನ್ನಿನ ಮುಳ್ಳು,
ಕರೆಂಟು ಹೋಯಿತು.

ಅದೇನು ಸುರುಳಿ, ಅಂದರು.
ಕೊಡದ ಬೆನ್ನ ಮೇಲೇ ಹರಡಿದೆ.
ಮೊಟ್ಟೆಯಾಕಾರದ ಕಿಟಕಿಗಳು ಸಾಲು ಸಾಲು,
ಒಂದೊಂದರಲ್ಲೂ ಒಬ್ಬೊಬ್ಬ, ಕಿರೀಟ, ಗಡ್ಡ,
ಕೆಳಗೆ ಸಾಸಿವೆಯಷ್ಟು ಅಕ್ಷರ.
ಭೂತಗನ್ನಡಿ ಒರೆಸಿಕೊಂಡು ಬಗ್ಗಿದರು, ಬಹಳ ಹೊತ್ತು.
ಅತ್ತ ಒಬ್ಬ ಹುಡುಗ ತಳ್ಳುಗಾಡಿಯಲ್ಲಿ ಹಂಡೆ ದಾಟಿಸಿದ.

ಒಂದೇ ಹೆಸರು ಹದಿನೆಂಟು ಕಡೆ ಇದೆ, ನೋಡಿ.
ಇನಿಷಿಯಲ್ ಹಾಕಿಸಬೇಕಿತ್ತು.
ಮದುವೆಮನೆಯಲ್ಲಿ ಪಾತ್ರೆ ಅದಲುಬದಲಾದ ಹಾಗೆ
ಇವರೂ ಆಗಿರುತ್ತಾರೆ.

ಹದಿನಾರನೆಯವನ ಮೇಲೆ ಬೆರಳಿಟ್ಟು ಹೇಳಿದೆ:
ಶ್ರೀರಂಗಪಟ್ಟಣದಿಂದ ಮೂವರು ಹಡಗು ಹತ್ತಿ
ದಂಡು ಕೇಳಲು ಹೋಗಿದ್ದು ಇವನ ಹತ್ತಿರ.
ಕೊಟ್ಟನಾ?
ಇಲ್ಲ. ಪಿಂಗಾಣಿ ಕೊಟ್ಟು ಕಳಿಸಿದ.
ಪಿಂಗಾಣಿಗೆ ಹೆಸರು ಕೂರೋದಿಲ್ಲ, ಅಂದರು, ಬೇಸರದಿಂದ.
ಆಮೇಲೆ ಅವನ ತಲೆ ತೆಗೆದರು.
ಕನ್ನಡಿಯನ್ನು ಕತ್ತಿನ ಮೇಲೆ ತಂದು ನಿಲ್ಲಿಸಿದರು:
ಇಲ್ಲಿ ಚೆನ್ನಾಗೇ ಇದೆಯಲ್ಲ.

ಅವರಿಗೆ ರಾಜರು ಬೇಕಿರಲಿಲ್ಲ. ಕೊರೆದವನು ಬೇಕಿತ್ತು.
ಮೊದಲ ಇಪ್ಪತ್ತು ಜನರನ್ನು ಈ ಪುಣ್ಯಾತ್ಮ ಕಂಡಿಲ್ಲ, ಅಂದರು,
ಮೂಗೆಲ್ಲ ಒಂದೇ.
ಮನೆಯಲ್ಲಿ ಯಾರನ್ನೋ ಕೂರಿಸಿಕೊಂಡಿದಾನೆ,
ಸೋದರಮಾವ ಇರಬೇಕು,
ಗಡ್ಡ ಮಾತ್ರ ಬದಲಾಯಿಸಿದಾನೆ.
ತಾಮ್ರದ ತಗಡಿನಲ್ಲಿ ಎಲ್ಲ ಉಲ್ಟಾ ಕೊರೀಬೇಕು;
ಎಡಗೈಲಿ ಕತ್ತಿ ಹಿಡಿದೋರೇ ಅವನಿಗೆ ವರ್ಷಗಟ್ಟಲೆ ಜೊತೆ.
ನಾನೂ ಮೊದಲು ಸೀಲು ಕೆತ್ತುತ್ತಿದ್ದೆ, ಗೊತ್ತು.
ಬೀದೀಲಿ ಬೋರ್ಡು ಓದೋಕೆ ಒಂದು ಗಳಿಗೆ ತಡವಾಗೋದು.

ಕೊನೆಯ ಕಿಟಕಿ ಖಾಲಿ.
ಇದು ಯಾರಿಗೆ?
ಮುಂದಿನವನಿಗೆ ಬಿಟ್ಟಿರಬೇಕು ಅಂದೆ.
ಬಾಡಿಗೆಗಿದೆ, ಎಂದು ನಕ್ಕರು. ಹಲ್ಲಿರಲಿಲ್ಲ ಎರಡು.

ಆಮೇಲೆ ನಗು ನಿಲ್ಲಿಸಿ, ಇಲ್ಲಿ ಬನ್ನಿ, ಅಂದರು.
ಮೂರನೆಯ ಸಾಲಿನ ದಪ್ಪನೆಯವನ ಎದೆಗೆ ಅಡ್ಡಲಾಗಿ
ರೇಷ್ಮೆಯ ಒಂದು ಪಟ್ಟಿ, ಹೊಳೆಯುವಂಥದು.
ಕನ್ನಡಿಯಲ್ಲಿ ನಾನೂ ನೋಡಿದೆ:
ಅದರ ನಡುವೆ ಒಂದು ಗೆರೆ, ಉಳಿದವಕ್ಕೆ ಸೇರದ ಗೆರೆ,
ಭುಜದಿಂದ ಹೊರಟು ಸೊಂಟದವರೆಗೆ ಹುಚ್ಚು ಓಟ.
ಕೈ ಜಾರಿದೆ ಇವನಿಗೆ, ಅಂದರು ಮೆಲ್ಲಗೆ,
ಪಕ್ಕದ ಅಂಗಡಿಯವರಿಗೆ ಕೇಳಬಾರದೆಂಬಂತೆ.
ತಾಮ್ರ ಅಳಿಸೋಕಾಗಲ್ಲ.
ಪಾಪ, ಒಂದು ರಾತ್ರಿ ಮಲಗಿಲ್ಲ.
ಬೆಳಗ್ಗೆ ಎದ್ದು ಪಟ್ಟಿ ಉಡಿಸಿದಾನೆ ದೊರೆಗೆ.

ನೀವೇನು ಮಾಡ್ತೀರಿ, ಜಾರಿದರೆ?
ನಾನಾ? ಅಂದರು. ಹೂವು.

ಕರೆಂಟು ಬಂತು. ಮಿಷನ್ನು ಗುಂಯ್ಯೆಂದಿತು.
ರಾಜರನ್ನು ಸುತ್ತಿ ನನ್ನ ಕೈಗೆ ಕೊಟ್ಟು
ಕೊಡವನ್ನು ತೊಡೆಗಳ ನಡುವೆ ಎಳೆದುಕೊಂಡರು.

ನಲವತ್ತೆಂಟು ರೂಪಾಯಿ. ಒತ್ತಕ್ಷರ ಬಿಟ್ಟು.
ಮೆಜೆಸ್ಟಿಕ್ಕಿನಲ್ಲಿ ಲಗ್ಗೆರೆಯ ಬಸ್ಸು ಹತ್ತಿ
ತೊಡೆಯ ಮೇಲೆ ಕೊಡ ತಿರುಗಿಸಿದೆ.
ನಾದಿನಿಯ ಹೆಸರು, ತಾರೀಖು, ನಮ್ಮ ಹೆಸರು.
'ಕಾಣಿಕೆ'ಯ ಪಕ್ಕದಲ್ಲಿ ಐದು ಎಸಳು, ಒಂದು ಎಲೆ.
ದುಡ್ಡು ಹಿಡಿದಿರಲಿಲ್ಲ ಅದಕ್ಕೆ.

ಇದೊಂದು ಎಷ್ಟು ಚೆನ್ನಾಗಿ ಹಾಕಿದಾರೆ ನೋಡಿ,
ಅಂದರು ಪಕ್ಕದ ಸೀಟಿನವರು.